ಪಾತೋ

"ನಿನ್ನ ಪತ್ರಿಕೆ ಇನ್ನೂ ಪಾತೋ ಕಣೋ, ಬೈಬೇಡ!" ಕ್ಲೀವ್‌ಲ್ಯಾಂಡಿನ ಹೋಟೆಲಿನಲ್ಲಿ, ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಕೂಟದಲ್ಲಿ, ಅಪರಿಚಿತ ಹುಡುಗಿಯೊಬ್ಬಳು ಗೆಳೆಯನನ್ನು ಸಮಾಧಾನಪಡಿಸುತ್ತಿದ್ದಳು. ಪಕ್ಕದಲ್ಲಿದ್ದ ವರ್ನಾ ಬೆಚ್ಚಿದಳು.

ಆರು ವರ್ಷ ಅವಳು ಅಡುಗೆಮನೆಯ ಮೇಜಿನ ಮೇಲೆ ಇಂಥ ಅಭಿಮಾನಿಗಳಿಗಾಗಿ ತನ್ನದೇ ಪುಟ್ಟ ಪತ್ರಿಕೆ ಅಚ್ಚು ಹಾಕಿ ಅಂಚೆಗೆ ಕೊಟ್ಟಿದ್ದಳು. ಯಾರೂ ಓದುತ್ತಿಲ್ಲ, ಇನ್ನು ಸಾಕು ಎಂದು ಹೇಳಿಹೋಗಲು ಬಂದಿದ್ದಳು. ಹಿಂದೊಮ್ಮೆ ಆ ಪತ್ರಿಕೆಯ ಅಚ್ಚಿನ ಸ್ಟೆನ್ಸಿಲ್ ಹಾಳೆಯಲ್ಲಿ ಜಾಗ ಸಾಲದೆ, 'ಪಾತ್ರೆ ತೊಳೆದು ಓದುವೆ' ಎಂಬುದನ್ನು 'ಪಾತೋ' ಎಂದು ಮೊಟಕು ಮಾಡಿದವಳು ಅವಳೇ.

"ಪಾತೋ ಅಂದ್ರೇನಮ್ಮಾ?" ವರ್ನಾ ಏನೂ ಅರಿಯದವಳಂತೆ ಹುಡುಗಿಯನ್ನು ಕೇಳಿದಳು.

"ಹೊಸಬರಾ? ಓದೋಕೆ ಪುರುಸೊತ್ತಿಲ್ಲ, ಬಿಡೋಕೆ ಮನಸಿಲ್ಲ ಅಂತ. ಸಿಯಾಟಲ್ಲಲ್ಲಿ ನಾವೆಲ್ಲ ಹಾಗೇ ಅನ್ನೋದು. ಈ ಮಾತು ಯಾರು ಹುಟ್ಟಿಸಿದ್ರೋ, ಪುಣ್ಯಾತ್ಗಿತ್ತಿ, ಮಕ್ಕಳ ತಾಯೇ ಇರಬೇಕು!"

ವರ್ನಾ ಚೀಲದಿಂದ ಪೆನ್ನು ತೆಗೆದಳು. "ನಿನ್ನ ವಿಳಾಸ ಹೇಳು ಮಗಾ. ಮುಂದಿನ ಸಂಚಿಕೆ ಕಳಿಸ್ತೀನಿ."