ಬೆರ್ಗೆನ್‌ನ ನೀಲಿ ಕಾರು

ವೈರು ತಾನಾಗಿ ಕಳಚಿಕೊಂಡಿರಲಿಲ್ಲ. ಯಾರೋ ಬೇಕೆಂದೇ ಎಳೆದಿದ್ದರು.

ಮೆಕ್ಯಾನಿಕ್ ಮಿಚಿಲ್ ತುಯಾರಾಳ ಮನೆಯಂಗಳದಲ್ಲಿ ನೀಲಿ ಕಾರಿನ ಬಾನೆಟ್ಟಿನ ಕೆಳಗೆ ತಲೆ ಹಾಕಿಕೊಂಡೇ ನಿಂತ. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಬೆಳಗು. ಒಂದು ಗಂಟೆಯಿಂದ ಅವನು ಮಾಡದ ಕೆಲಸವಿರಲಿಲ್ಲ. ಇಂಜಿನ್ನಿನ ಕೆಳಗೆ ಬ್ಲೋ ಲ್ಯಾಂಪಿನ ಉರಿ ಹಿಡಿದು ಗಟ್ಟಿಯಾದ ಆಯಿಲ್ ಕರಗಿಸಿದ್ದ. ರಾತ್ರಿಯೆಲ್ಲ ಮನೆಯೊಳಗೆ ಒಲೆಯ ಪಕ್ಕ ಬೆಚ್ಚಗಿದ್ದ ಬ್ಯಾಟರಿಯನ್ನು ತಂದು ಕೂರಿಸಿದ್ದ. ಸ್ಟಾರ್ಟರ್ ಚೆನ್ನಾಗಿಯೇ ತಿರುಗಿತು. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಿಂದ ಒದ್ದೆ. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಕಿಡಿಗೆ ಕರೆಂಟು ಕೊಡುವ ಕಾಯಿಲ್‌ನ ಈ ವೈರು. ನೋಡುವುದಕ್ಕೆ ಜಾಗದಲ್ಲೇ ಇತ್ತು, ಮುಟ್ಟಿದರೆ ಕೈಗೆ ಬಂತು.

ಹೋದ ತಿಂಗಳು ಫ್ಯೂಸ್ ಮಾಯವಾಗಿತ್ತು. ಅದಕ್ಕೂ ಮುಂಚೆ ಬ್ಯಾಟರಿಯ ನಟ್ಟು ಸಡಿಲಾಗಿತ್ತು. ಚಳಿ ಇಂಜಿನ್ನನ್ನು ಕೊಲ್ಲುತ್ತದೆ, ನಿಜ. ಆದರೆ ಫ್ಯೂಸ್ ಕದಿಯುವುದಿಲ್ಲ. ಇದು ಯಾರ ಕೈ ಎಂದು ಊಹಿಸುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಯಾಕೆ ಎಂದು ಯೋಚಿಸುವುದಕ್ಕೆ ಧೈರ್ಯ ಬೇಕಿತ್ತು.

ಬೇಲಿಯಾಚೆ ಪಕ್ಕದ ಮನೆಯ ಮಾರ್ಪಾ ಮುದುಕಿ ಸೌದೆ ಎತ್ತಿಕೊಳ್ಳುತ್ತಿದ್ದಳು.

"ಏನಪ್ಪಾ ಮಿಚಿಲ್, ಕಾರು ಕರೀತೋ, ಕಾರಿನೋಳು ಕರೆದ್ಲೋ?"

"ಕಾರೇ ಅಜ್ಜಿ. ಚಳಿ ಹೇಗಿದೆ ನೋಡಿ."

"ಹೂಂ, ಇಡೀ ಊರಲ್ಲಿ ತುಯಾರಾ ಕಾರಿಗೊಂದೇ ಚಳಿ. ಕರೆದ ತಕ್ಷಣ ಇಲ್ಲಿಗೆ ಓಡಿ ಬರ್ತೀಯ. ದಾರೀಲಿ ಎದುರು ಗಾಡಿಯೋರಿಗೆ ಮಾತ್ರ ನಮಸ್ಕಾರಕ್ಕೆ ಕೈ ಎತ್ತೋದನ್ನೇ ಬಿಟ್ಟಿದೀಯಂತೆ, ಎರಡು ವರ್ಷದಿಂದ. ಎಂಥಾ ಜಂಬ ಅಂತ ನನ್ನ ಮೊಮ್ಮಗ ಬೈತಾನೆ."

ಮಿಚಿಲ್ ವೈರನ್ನು ಒತ್ತಿ ಕೂರಿಸಿದ. ಊರು ಆಡಿಕೊಳ್ಳುವುದು ಅವನಿಗೆ ಗೊತ್ತಿತ್ತು. ಮದುವೆಯಾಗದ ಮೆಕ್ಯಾನಿಕ್, ಗಂಡನಿಲ್ಲದ ತುಯಾರಾ; ಬಾಯಿಗೆ ಇಷ್ಟು ಸಾಕು. ಅವಳ ಗಂಡ ಬೆರ್ಗೆನ್ ಸತ್ತು ಎರಡು ಚಳಿಗಾಲವಾಗಿತ್ತು. ಹೆಪ್ಪುಗಟ್ಟಿದ ಲೆನಾ ನದಿಯ ಮೇಲಿನ ದಾರಿಯಲ್ಲಿ, ಇದೇ ಕಾರಿನಲ್ಲಿ, ಎದೆನೋವು ಬಂದು ಕೂತಲ್ಲೇ ಹೋಗಿದ್ದ. ಸಿಕ್ಕಿದ್ದು ಮಾರನೆಯ ದಿನ.

ಇಂಥ ಚಳಿಯಲ್ಲಿ ಊರಿನವರು ಯಾರೂ ಇಂಜಿನ್ ಆರಿಸುವುದಿಲ್ಲ. ಅಂಗಡಿಗೆ ಹೋದರೂ, ಊಟಕ್ಕೆ ಕೂತರೂ ಕಾರು ಹೊರಗೆ ಹೊಗೆ ಬಿಡುತ್ತ ಗುರುಗುಟ್ಟುತ್ತಲೇ ಇರುತ್ತದೆ. ತುಯಾರಾ ಒಬ್ಬಳೇ ಮನೆ ಮುಟ್ಟಿದ ಕೂಡಲೇ ಆರಿಸಿಬಿಡುತ್ತಿದ್ದಳು. ಆ ಸದ್ದು ಕೇಳಲಾಗುವುದಿಲ್ಲ ಎನ್ನುತ್ತಿದ್ದಳು.

ಅವಳಿಗೆ ಹೇಳಬೇಕಾದ ಮಾತೊಂದು ಮಿಚಿಲ್‌ನಲ್ಲೇ ಉಳಿದುಹೋಗಿತ್ತು. ಪ್ರತಿ ಸಲವೂ ಇವತ್ತು ಹೇಳಿಯೇಬಿಡಬೇಕು ಎಂದುಕೊಂಡು ಬರುತ್ತಿದ್ದ. ಅವಳು ಚಹಾ ಕೊಟ್ಟು ಎದುರಿಗೆ ಕೂತು ಕಾಯುತ್ತಿದ್ದಳು. ಅವನು ಕಾರ್ಬುರೇಟರ್ ವಿಷಯ ಮಾತಾಡಿ ಎದ್ದು ಬರುತ್ತಿದ್ದ.

ಒಳಗೆ ಕೂತು ಕೀ ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ತುಯಾರಾ ಯಾವಾಗ ಹೊರಗೆ ಬಂದಿದ್ದಳೋ, ಎಂದಿನಂತೆ ಮುಂದಿನ ಗಾಜಿನಾಚೆ ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಆಯಿತು ಎಂದು ತಲೆಯಾಡಿಸಿದ. ಕೈ ಸ್ಟೀರಿಂಗ್ ಬಿಟ್ಟು ಏಳಲಿಲ್ಲ.

"ಆರಿಸಲಾ?" ಇಳಿಯುತ್ತ ಕೇಳಿದ.

"ಬೇಡ, ಇವತ್ತು ಓಡ್ತಾ ಇರ್ಲಿ. ಒಳಗೆ ಬನ್ನಿ."

ಮೇಜಿನ ಮೇಲೆ ಹಾಲಿನ ಚಹಾ, ಬಿಸಿ ರೊಟ್ಟಿ, ಕೆನೆ ಇಟ್ಟಿದ್ದಳು. ಅವನು ಮುಟ್ಟಲಿಲ್ಲ.

"ವೈರು ಎಳೆದಿದ್ದು ನೀವೇ."

"ಹೌದು." ಎದ್ದು ಸಕ್ಕರೆ ಡಬ್ಬಿಯ ಹಿಂದಿನಿಂದ ಏನನ್ನೋ ತೆಗೆದು ಅವನ ಮುಂದಿಟ್ಟಳು. ಹೋದ ತಿಂಗಳ ಫ್ಯೂಸು.

ಮಿಚಿಲ್‌ಗೆ ಭಯವಾಯಿತು. "ಯಾಕೆ?"

"ನೀವು ಬರ್ಲಿ ಅಂತ. ಒಂದಲ್ಲ ಒಂದಿನ ನೀವಾಗೇ ಹೇಳ್ತೀರ ಅಂತ."

"ನಾನು ಹೇಳೋದು ನಿಮಗೆ ಹಿಡಿಸಲ್ಲ, ತುಯಾರಾ."

"ಹಿಡಿಸೋ ಮಾತಲ್ಲ ಅಂತ ಗೊತ್ತು. ಕೇಳದೆ ಇರೋಕಾಗ್ತಿಲ್ಲ."

ಹೊರಗೆ ಇಂಜಿನ್ ಒಂದೇ ಸಮನೆ ಗುರುಗುಟ್ಟುತ್ತಿತ್ತು. ತುಯಾರಾ ಕಿಟಕಿಯ ಕಡೆ ತಿರುಗಿದಳು.

"ಅವರು ಹೋದ ದಿನವೂ ಹೀಗೇ ಓಡ್ತಿತ್ತು, ಪೆಟ್ರೋಲ್ ಮುಗಿಯೋ ತನಕ. ಅವತ್ತು ಮಧ್ಯಾಹ್ನ ನದಿ ದಾಟಿ ಈಚೆಗೆ ಬಂದಿದ್ದು ನಿಮ್ಮ ವ್ಯಾನ್ ಒಂದೇ. ದಡದ ಚಹಾದಂಗಡಿಯವಳು ಹೇಳಿದಳು."

ಮಿಚಿಲ್ ಫ್ಯೂಸನ್ನು ಎತ್ತಿ ಮತ್ತೆ ಮೇಜಿನ ಮೇಲಿಟ್ಟ.

"ನಿಮ್ಮ ಮೇಲೆ ಸಿಟ್ಟಿಲ್ಲ. ಇಂಜಿನ್ ಓಡ್ತಿದ್ರೆ, ಒಳಗಿರೋರು ಬೆಚ್ಚಗಿದಾರೆ ಅಂದ್ಕೊಂಡು ಎಲ್ಲರೂ ಮುಂದೆ ಹೋಗ್ತಾರೆ. ನಾನಾಗಿದ್ರೂ ಹೋಗ್ತಿದ್ದೆ. ಒಂದೇ ಒಂದು ಹೇಳಿಬಿಡಿ." ಅವಳು ಕಿಟಕಿ ಬಿಟ್ಟು ಅವನ ಕಡೆ ತಿರುಗಿದಳು. "ನೀವು ನೋಡಿದಾಗ ಅವರು ಜೀವಂತ ಇದ್ರಾ?"

ಮಿಚಿಲ್ ಮೇಜಿನ ಮೇಲಿದ್ದ ತನ್ನ ಬಲಗೈಯನ್ನು ನೋಡಿದ.

"ಇದ್ರು. ನನ್ನ ನೋಡಿ ಕೈ ಎತ್ತಿದ್ರು. ನಾನೂ ಕೈ ಎತ್ತಿ ಮುಂದೆ ಬಂದೆ."