ಎಡ್ವಿನ್‌ಗೊಂದು ಹೂ

ಜಗತ್ತಿನಲ್ಲಿ ಸಾಮ್ರಾಜ್ಯಗಳು ಉರುಳಿದ್ದುಂಟು. ಅವಕ್ಕೆಲ್ಲ ಮಿಗಿಲಾದ ಘಟನೆ ೧೯೯೮ರ ಏಪ್ರಿಲ್‌ನ ಒಂದು ಬೆಳಿಗ್ಗೆ ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ನಡೆಯಿತು: ಪಕ್ಕದ ಮನೆಯ ಟ್ಯುಲಿಪ್ ಹೂವು ಊರ್ಮಿಳೆಯ ಅಡುಗೆಮನೆಯಲ್ಲಿ, ಗಣಪತಿ ಪಟದ ಮುಂದೆ ಪತ್ತೆಯಾಯಿತು.

ಕಳ್ಳರು ಯಾರೆಂದು ವಿಚಾರಿಸಬೇಕಾದ್ದಿರಲಿಲ್ಲ. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಅತ್ತೆ ಲೀಲಮ್ಮ, ಊರಿನಲ್ಲಿ ಬೆಳಕು ಹರಿಯುವ ಮುನ್ನವೇ ಬೀದಿಯ ಕಾಂಪೌಂಡುಗಳ ಹೂವನ್ನೆಲ್ಲ ಬಿಡಿಸಿಕೊಂಡು ಬರುತ್ತಿದ್ದವರು. "ಕದ್ದ ಹೂವಿಗೆ ಪುಣ್ಯ ಜಾಸ್ತಿ ಕಣೇ" ಎಂಬುದು ಅವರ ಸಿದ್ಧಾಂತ.

ಆದರೆ ಇದು ಬೇಲಿಯ ದಾಸವಾಳವಲ್ಲ. ಪಕ್ಕದ ಮನೆಯ ಮುದುಕ ವಿದರ್ಬಿಯ ಹಿರಿಯರು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ನರ್ಸರಿ ನಡೆಸಿದವರು. ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ತಮ್ಮ ಹೆಸರಿನದೊಂದು ಹೊಸ ತಳಿ ಇತ್ತು. ಅಕ್ಕನಿಗೆ ಗುಲಾಬಿ, ಅಣ್ಣನಿಗೆ ಜರೀಗಿಡ, ಮನೆಯ ನಾಯಿಗೂ ಒಂದು ಡೇಲಿಯಾ. ಗೆಡ್ಡೆ ಕೊಳ್ಳಲು ಹಾಲೆಂಡಿಗೆ ಬಂದು ಇಲ್ಲೇ ಉಳಿದುಬಿಟ್ಟ ಕಿರಿಯ ಮಗ ಎಡ್ವಿನ್‌ಗೆ ಮಾತ್ರ ಏನೂ ಇಲ್ಲ. ಆ ಎಡ್ವಿನ್ನನೇ ವಿದರ್ಬಿಯ ತಾತ; ತಾತನ ಕೊರತೆ ನೀಗಲೆಂದು ವಿದರ್ಬಿ ಅರ್ಧ ಆಯುಸ್ಸು ಸುರಿದಿದ್ದ. ಫಲವಾಗಿ ಮರದ ತೊಟ್ಟಿಯಲ್ಲಿ ಒಂದೇ ಗಿಡ, ಒಂದೇ ಹೂವು. ಹೆಸರು ನೋಂದಾಯಿಸುವ ಸಮಿತಿ ಸೋಮವಾರ ಅದನ್ನು ನೋಡಲು ಬರುವುದಿತ್ತು. ಮುಂದಿನ ವಸಂತದ ಭರವಸೆಯನ್ನು ವೈದ್ಯರು ಮುದುಕನಿಗೆ ಕೊಟ್ಟಿರಲಿಲ್ಲ.

ಹಿಂದಿನ ಸಂಜೆಯಷ್ಟೇ ಊರ್ಮಿಳಾ ಬೇಲಿಯ ಬಳಿ ನಿಂತು ಇಂಗ್ಲಿಷಿನಲ್ಲಿ ಹೊಗಳಿದ್ದಳು. "ಹೋದ ವರ್ಷ ಬರೀ ಕೆಂಪಿತ್ತು. ಈ ಸಲ ಬಿಳಿ ಗೆರೆ ಬಂದು ಎಷ್ಟು ಚೆನ್ನಾಗಿದೆ."

"ಹೌದು," ಎಂದಿದ್ದ ಮುದುಕ. "ಸಮಿತಿಯವರ ಕಣ್ಣಿಗೂ ಮೊದಲು ಬೀಳುವುದು ಅದೇ."

ಈಗ ತೊಟ್ಟಿ ಬರಿದಾಗಿತ್ತು.

"ಹೂ ಸಾಲ್ದು ಅಂತ ಗೆಡ್ಡೆನೂ ಕಿತ್ತಿದೀರಲ್ಲ ಅತ್ತೆ. ಮಣ್ಣಷ್ಟೇ ಯಾಕೆ ಬಿಟ್ರಿ?"

ಲೀಲಮ್ಮ ದೀಪದ ಬತ್ತಿ ಸರಿಮಾಡಿದರು. "ಹೂ ಸೇರ್ಬೇಕಾದ ಕಡೆ ಸೇರಿದೆ ಬಿಡಮ್ಮ."

"ಆ ಮನುಷ್ಯ ಇನ್ನೆಷ್ಟು ದಿನಾನೋ, ಅತ್ತೆ."

"ಗೊತ್ತು."

ಆ ತಣ್ಣನೆಯ 'ಗೊತ್ತು' ಊರ್ಮಿಳೆಯ ನೆತ್ತಿಗೇರಿತು. "ಇನ್ನೊಂದ್ಸಲ ನನ್ನ ಮನೆಗೆ ಬರ್ಬೇಡಿ," ಎಂದಳು. ಅದನ್ನು ವಾಪಸು ತೆಗೆದುಕೊಳ್ಳುವ ಅವಕಾಶ ಆ ವಾರವೆಲ್ಲ ಇತ್ತು, ತೆಗೆದುಕೊಳ್ಳಲಿಲ್ಲ. ಸಮಿತಿ ಬಂತು, ಕಾಫಿ ಕುಡಿದು ಹೋಯಿತು. ಲೀಲಮ್ಮನ ವಿಮಾನದ ದಿನವೂ ಬಂತು. ಶಿಫೋಲ್ ವಿಮಾನ ನಿಲ್ದಾಣದಲ್ಲಿ ಸೊಸೆಯ ಕೆನ್ನೆ ಮುಟ್ಟಿ, "ಚಳೀಲಿ ತಲೆಗೆ ಕಟ್ಕೋ," ಎಂದಷ್ಟೇ ಹೇಳಿ ಹೊರಟರು.

ಮರುದಿನ ಊರ್ಮಿಳಾ ಮುಖ ಗಟ್ಟಿ ಮಾಡಿಕೊಂಡು ವಿದರ್ಬಿಯ ಬಾಗಿಲು ತಟ್ಟಿದಳು. ಅತ್ತೆಯ ಪರವಾಗಿ ಕ್ಷಮೆ ಕೇಳಿದಳು.

ಮುದುಕ ಬೇಡವೆಂಬಂತೆ ತಲೆಯಾಡಿಸಿದ. "ಆ ಬಿಳಿ ಗೆರೆಗಳು ರೋಗದವು, ರೋಗದ ಗಿಡಕ್ಕೆ ಸಮಿತಿ ಹೆಸರು ಕೊಡುವುದಿಲ್ಲ. ತಜ್ಞರಿಗೆ ಒಂದು ನೋಟ ಸಾಕು. ಗೆಡ್ಡೆಯನ್ನು ನಾನೇ ಕಿತ್ತು ಸುಟ್ಟೆ. ಹೂವನ್ನೂ ಬೆಂಕಿಗೆ ಹಾಕುವುದರಲ್ಲಿದ್ದೆ. ನಿಮ್ಮ ಅತ್ತೆ ಬೇಲಿಯಾಚೆ ನಿಂತು ಸೆರಗೊಡ್ಡಿದರು. ಯಾರಿಗೂ ಹೇಳಬೇಡಿ ಎಂದು ನಾನು ತುಟಿಯ ಮೇಲೆ ಬೆರಳಿಟ್ಟೆ."

ಎಡ್ವಿನ್ ಹೆಸರಿನ ಹೂ ಇಲ್ಲ. ಲೀಲಮ್ಮ ಮತ್ತೆ ನೂರ್ಡ್‌ವೈಕ್‌ಗೆ ಬರಲಿಲ್ಲ.