ಹಗೇವಿನ ಗಾಳಿ

ಹಗೇವಿನ ಬಾಯಿ ತೆರೆದಾಗ ಏಳುವ ಹುಳಿಬೆರೆತ ಜೋಳದ ವಾಸನೆ ನನಗೆ ಬಾಲ್ಯದಿಂದ ಗೊತ್ತು. ನೆಲದೊಳಗಿನ ಆ ಕಣಜದ ಕೆಟ್ಟ ಗಾಳಿ ಹೊರಹೋಗಿ ಆರಿದ ಮೇಲೆಯೇ ಅಪ್ಪ ಇಳಿಯುತ್ತಿದ್ದರು.

ಹಗೇವಿಗೆ ಬೇವಿನ ಸೊಪ್ಪು ಹಾಕಿದರೆ ವಿಷಗಾಳಿ ಹುಟ್ಟುವುದಿಲ್ಲವೆಂದು ಶಿವಲೀಲಾ ತನ್ನ ಪಿಎಚ್‌ಡಿಗಾಗಿ ಸಂಶೋಧನಾ ಲೇಖನ ಬರೆದಿದ್ದಳು. ಅದನ್ನು ಅಚ್ಚಿಗೆ ಮೊದಲು ಪರಿಶೀಲಿಸಲು ಸಂಶೋಧನಾ ಪತ್ರಿಕೆಯವರು ನನ್ನನ್ನು ಅವಳ ಊರಿಗೆ ಕಳಿಸಿದ್ದರು. ಹೆಸರು ಮರೆಸಿ ಚೀಟಿಯಲ್ಲಿ ಅಭಿಪ್ರಾಯ ಕಳಿಸುವ ಕಾಲ ಹೋಯಿತು; ಈಗ ಎಲ್ಲೆಡೆ ಇದೇ ಪದ್ಧತಿ. ಪರಿಶೀಲಕರು ಹೆಸರು ಹೇಳಿ, ಬರೆದವರ ಎದುರು ಕೂತು, ಊರವರಿಗೂ ಕೇಳುವಂತೆ ಮಾತಾಡಬೇಕು. ನಾನು ಲೇಖನ ಬೇಡವೆಂದರೆ ಅವಳ ಪಿಎಚ್‌ಡಿ ನಿಂತುಹೋಗುತ್ತಿತ್ತು.

“ನಾನು ಚಂಪಾವತಿ ಇಂಗಳಗಿ,” ಎಂದು ಊರಕಟ್ಟೆಯ ಮೇಲೆ ಅವಳೆದುರು ಕೂತು ಹೇಳಿದೆ. “ನೀ ಪರೀಕ್ಷಾಕ್ಕ ಗಾಳಿ ಹಿಡದದ್ದು ಹಗೇವು ಆರಿದ ಮ್ಯಾಲಲ್ಲೇನವಾ?”

ಅವಳ ಮುಖ ಬಾಡಿತು. “ಹೌದ್ರೀ ಅಮ್ಮಾರ. ಮೊದ್ಲ ಇಳದ್ರ ಜೀವಾನ ಹೊಕ್ಕೈತಿ.”

“ಆರಿದ ಮ್ಯಾಲೆ, ಸೊಪ್ಪು ಹಾಕ್ಲಿ ಬಿಡ್ಲಿ, ಯಾವ ಹಗೇವಿನ್ಯಾಗೂ ವಿಷ ಸಿಗಂಗಿಲ್ಲ. ಮುಚ್ಚಳಿ ತಗಿಯೂಕಿಂತ ಮೊದ್ಲ ಸಂದಿನ್ಯಾಗ ಕೊಳವಿ ಬಿಟ್ಟು ಗಾಳಿ ಹಿಡಿ. ಅಲ್ಲೀತನಕಾ ನಾ ಬ್ಯಾಡ ಅನ್ನಂಗಿಲ್ಲ. ನಡಿ, ಇವತ್ತ ಒಂದು ಹಗೇವು ಇಬ್ರೂ ಕೂಡೇ ತಗಿಯೂಣು.”

“ಮೊದ್ಲಿನಂಗ ಹೆಸರಿಲ್ಲದ ಚೀಟಿ ಆಗಿದ್ರ ಒಂದ ಗೆರಿ ಹೊಡದ ಮನಿಗಿ ಕಳಸ್ತಿದ್ರು!” ಎಂದು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೂಗಿದರು. ಎಲ್ಲರೂ ನಕ್ಕರು.

ಶಿವಲೀಲಾ ನಗಲಿಲ್ಲ. ಕಣ್ಣೊರೆಸಿಕೊಂಡು ತನ್ನ ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ನನ್ನ ಕೈಗಿತ್ತಳು.